ಉಳ್ಳಾಲದ ಅಬ್ಬಕ್ಕ: ವಂಶಾವಳಿಯ ಪ್ರಶ್ನೆ

ಅಬ್ಬಕ್ಕ ಎಂಬುದು 16 ಮತ್ತು 17ನೆಯ ಶತಮಾನಗಳಲ್ಲಿ ಉಳ್ಳಾಲವನ್ನಾಳಿ ಪೋರ್ಚುಗೀಸರಿಗೆ ಎದುರು ನಿಂತ ಚೌಟ ಮನೆತನದ ರಾಣಿಯ ಹೆಸರು. ಚೌಟರು ಜೈನ ಅರಸರು. ಪುತ್ತಿಗೆ, ಮೂಡುಬಿದಿರೆ ಮತ್ತು ನೇತ್ರಾವತಿಯ ಅಳಿವೆಯ ತೆಂಕು ದಡದ ಉಳ್ಳಾಲ ಅವರ ಮುಖ್ಯ ನೆಲೆಗಳು. ಜೈನರಾಗಿದ್ದೂ ಸೋಮೇಶ್ವರದ ಸೋಮನಾಥನಿಗೆ ನಡೆದುಕೊಂಡವರು. ಜನಪ್ರಿಯ ಬರಹಗಳಲ್ಲಿ ಅಬ್ಬಕ್ಕ ಒಬ್ಬಳೇ. ಸೋದರಮಾವ ತಿರುಮಲರಾಯನಿಂದ ಪಟ್ಟ ಪಡೆದವಳು, ನೆರೆಯ ಬಂಗ ಮನೆತನದ ಅರಸ ಬಂಗರಸನ ಕೈಹಿಡಿದು ಬಳಿಕ ಅವನನ್ನು ತೊರೆದವಳು, ಪರಂಗಿಯರನ್ನು ಸದೆಬಡಿದವಳು ಎಲ್ಲವೂ ಈಕೆಯೇ. ಆದರೆ ಸಿಗುವ ಆಧಾರಗಳನ್ನು ಇಸವಿಯ ಸಾಲಿನಲ್ಲಿ ಜೋಡಿಸಿದರೆ ಈ ಕಥೆ ಒಂದು ಆಯುಷ್ಯದಲ್ಲಿ ಹಿಡಿಸುವುದಿಲ್ಲ. ಕನಿಷ್ಠ ಇಬ್ಬರು ಅಬ್ಬಕ್ಕರನ್ನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ವಂಶಾವಳಿಯನ್ನು ಹುಡುಕುವವರು ಮೊದಲು ದಾರಿಯನ್ನು ಸರಿಪಡಿಸಿಕೊಳ್ಳಬೇಕು. ತಂದೆಯ ಸಾಲಿನಲ್ಲಿ ವಂಶ ಎಣಿಸುವ ಕಡೆ ಹೆಣ್ಣೊಬ್ಬಳ ಮನೆತನವನ್ನು ಹುಡುಕುವವರಿಗೆ ತಂದೆಯ ಉಯಿಲು, ಮದುವೆ ದಾಖಲೆಗಳೇ ಆಸರೆ. ಮದುವೆಯೊಂದಿಗೆ ಅವಳ ಮನೆತನದ ಹೆಸರು ಸಾಮಾನ್ಯವಾಗಿ ಅಳಿಸಿಹೋಗುತ್ತಿತ್ತು. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಹಾಗಿರಲಿಲ್ಲ. ಬಳಿ (ಕುಲ) ಬರುತ್ತಿದ್ದುದು ತಾಯಿಯಿಂದ, ಆಸ್ತಿ ಇಳಿಯುತ್ತಿದ್ದುದು ಹೆಣ್ಣಿನ ಕವರಿನಲ್ಲಿ (ಕವಲಿನಲ್ಲಿ), ಪಟ್ಟ ಹೋಗುತ್ತಿದ್ದುದು ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ. ಮದುವೆಯಾದ ಮೇಲೂ ಚೌಟರ ಹೆಣ್ಣು ಚೌಟಳೇ, ಬಂಗರ ಮನೆಯವಳಾಗುತ್ತಿರಲಿಲ್ಲ. ಆದ್ದರಿಂದ ಯಾರ ಮಗಳು, ಯಾರ ಹೆಂಡತಿ ಎಂದು ಕೇಳುತ್ತ ಹೋದರೆ ಅಬ್ಬಕ್ಕನ ವಂಶ ಕೈಗೆ ಸಿಗುವುದಿಲ್ಲ. ಯಾರ ಸೋದರಸೊಸೆ ಎಂದು ಕೇಳಬೇಕು. ತಿರುಮಲರಾಯನನ್ನು ತಂದೆಯೆನ್ನದೆ ಮಾವನೆಂದೇ ಉಳಿಸಿಕೊಂಡಿರುವ ಸ್ಥಳೀಯ ಪರಂಪರೆ ಈ ಮಟ್ಟಿಗೆ ನಂಬಲರ್ಹ. ಅದು ಕಟ್ಟಿನ ನಿಯಮಕ್ಕೆ ತಕ್ಕಂತೆಯೇ ಇದೆ.

ಇನ್ನು ಇಸವಿಗಳು. ಪೋರ್ಚುಗೀಸರೊಡನೆ ಉಳ್ಳಾಲದ ಕಪ್ಪದ ಜಗಳ 1550ರ ದಶಕದಲ್ಲೇ ಕಾಳಗಕ್ಕೆ ತಿರುಗಿತ್ತು. 1568ರಲ್ಲಿ ವೈಸರಾಯ್ ಆಂತಾವ್ ದ ನೊರೊನ್ಯಾ ಮಂಗಳೂರಿನ ಮೇಲೆ ಬಿದ್ದು ಅಲ್ಲಿ ಸಂತ ಸೆಬಾಸ್ತಿಯಾನನ ಹೆಸರಿನ ಕೋಟೆ ಕಟ್ಟಿಸಿದ. ಆ ಕಾಲಕ್ಕೆ ಉಳ್ಳಾಲದಲ್ಲಿ ಪಟ್ಟದಲ್ಲಿದ್ದವಳು ಮೊದಲ ಅಬ್ಬಕ್ಕ. ಇದಾಗಿ 55 ವರ್ಷಗಳ ಬಳಿಕ, 1623ರ ಕೊನೆಯಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಮಣೇಲ್ ಎಂಬ ಊರಿನಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಅವಳ ಹೆಸರನ್ನು ಚೌಟ ಎಂಬ ಮನೆತನದ ಹೆಸರಿನೊಂದಿಗೇ ಬರೆದುಕೊಂಡ. ಅವಳು ಬರಿಗಾಲಿನಲ್ಲಿ, ತಲೆಯ ಮೇಲೆ ತಾಳೆಗರಿಯ ದೊಡ್ಡ ಕೊಡೆ ಹಿಡಿಸಿಕೊಂಡು, ಹೊಲಗಳ ಕಡೆ ಕಾಲುವೆ ತೋಡಿಸುವ ಕೆಲಸ ನೋಡುತ್ತಿದ್ದಳು. ಕಪ್ಪು ಬಣ್ಣ, ಸ್ಥೂಲ ದೇಹ, ಆದರೂ ಚುರುಕು ನಡಿಗೆ. ವಯಸ್ಸು 40ರ ಆಸುಪಾಸು ಇರಬಹುದೆಂದು ಅಂದಾಜಿಸಿದ ದೆಲ್ಲಾ ವಾಲೆ, ಪೋರ್ಚುಗೀಸರು ತನಗೆ ಹೇಳಿದ್ದಕ್ಕಿಂತ ಆಕೆ ತೀರ ಕಿರಿಯಳಾಗಿ ಕಂಡಳೆಂದೂ ಸೇರಿಸಿದ್ದಾನೆ. ಈ ಕೊನೆಯ ಮಾತು ಬಹಳ ಮುಖ್ಯ. ಹಳೆಯ ರಾಣಿಯ ನೆನಪನ್ನು ಹೊಸ ರಾಣಿಯ ಮೇಲೆ ಹೊರಿಸುವ ರೂಢಿ ಆಗಲೇ ಶುರುವಾಗಿತ್ತೆಂದು ನನಗೆ ತೋರುತ್ತದೆ.

ಪ್ರವಾಸಿಯ ಅಂದಾಜನ್ನು ನಂಬುವುದು ಹೇಗೆ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಅವನ ಲೆಕ್ಕ 20 ವರ್ಷ ತಪ್ಪಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ಆಕೆ ಹುಟ್ಟಿದ್ದು 1563ರ ಸುಮಾರಿಗೆ, ಸಂತ ಸೆಬಾಸ್ತಿಯಾನನ ಕೋಟೆ ಏಳುವಾಗ ಐದು ವರ್ಷದ ಮಗು. ಇನ್ನೊಂದು ಕಡೆಯಿಂದ ನೋಡಿ: ಅಬ್ಬಕ್ಕ 1525ರಲ್ಲಿ ಹುಟ್ಟಿದಳೆಂಬ ಗಣನೆಯಲ್ಲಿ 2025ರಲ್ಲಿ 500ನೆಯ ಜಯಂತಿ ನಡೆಯಿತು. ಆ ಇಸವಿ ಸರಿಯಾದರೆ ಮಣೇಲಿನಲ್ಲಿ ಕಾಲುವೆ ತೋಡಿಸುತ್ತಿದ್ದವಳಿಗೆ 98 ವರ್ಷವಾಗಿರಬೇಕಿತ್ತು. ಬಂಗರಸನೊಡನೆ ಮದುವೆ ಮುರಿದ ಪ್ರಸಂಗವೂ ಇಬ್ಬರಿದ್ದರೆಂಬುದನ್ನೇ ಹೇಳುತ್ತದೆ. ಗಂಡನ ಒಡವೆಗಳನ್ನು ಹಿಂದಿರುಗಿಸಿದ್ದು, ಅವನು ಪೋರ್ಚುಗೀಸರ ಕಡೆ ವಾಲಿದ್ದು, ಇವಳು ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ನೆರವು ಕೇಳಿದ್ದು, ಇವೆಲ್ಲ ದೆಲ್ಲಾ ವಾಲೆ ತನ್ನ ಕಾಲದ ರಾಣಿಯ ಬಗ್ಗೆ ಬರೆದ ಸಂಗತಿಗಳು. ಇಂದು ನಾವು ಅವನ್ನು 1568ರ ಅಬ್ಬಕ್ಕನ ಬದುಕಿಗೆ ಅಂಟಿಸಿ ಹೇಳುತ್ತಿದ್ದೇವೆ.

ಯಕ್ಷಗಾನ, ಜನಪದ ಕಥನಗಳು ಒಬ್ಬಳನ್ನೇ ಹೇಳುತ್ತವಲ್ಲ ಎಂಬುದು ಎರಡನೆಯ ಆಕ್ಷೇಪ. ಹೆಸರು ಜನಮನದಲ್ಲಿ ಗಟ್ಟಿಯಾಗಿ ನಿಂತಿತ್ತೆಂಬುದಕ್ಕೆ ಅವು ಸಾಕ್ಷಿ. ಆಯುಷ್ಯದ ಅಳತೆಗೆ ಅಲ್ಲ. ತುಳುನಾಡಿನ ಅರಸುಮನೆಗಳಲ್ಲಿ ಹೆಸರುಗಳು ಮರುಕಳಿಸುತ್ತಲೇ ಇದ್ದವು. ಚೌಟರಲ್ಲಿ ತಿರುಮಲರಾಯರು ಹಲವರು, ಬಂಗರಲ್ಲಿ ಲಕ್ಷ್ಮಪ್ಪರಸರು ಹಲವರು. ಅಬ್ಬಕ್ಕ ಮಾತ್ರ ಒಬ್ಬಳೇ ಇರಬೇಕೆಂಬ ಹಟಕ್ಕೆ ಕಾರಣ ಕಾಣುವುದಿಲ್ಲ. ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳೆಂದು ಮೂವರನ್ನು ಎಣಿಸುವವರೂ ಇದ್ದಾರೆ. ಇಬ್ಬರೋ ಮೂವರೋ, ಅವರನ್ನು ಬೆಸೆಯುವ ಎಳೆ ಮಾತ್ರ ಒಂದೇ ಕವರಿನದು, ತಾಯಂದಿರದು. ಇದರಿಂದ ರಾಣಿಯ ಕೀರ್ತಿ ಕುಂದುತ್ತದೆಂಬ ಅಳುಕು ಕೆಲವರಿಗಿದೆ. ನನ್ನ ಎಣಿಕೆಯಲ್ಲಿ ಅದು ಹಿಗ್ಗುತ್ತದೆ: ಒಬ್ಬಳ ಎದೆಗಾರಿಕೆಯ ಜಾಗದಲ್ಲಿ, ಅರ್ಧ ಶತಮಾನಕ್ಕೂ ಮೀರಿ ಒಂದೇ ಮನೆಯ ಹೆಂಗಸರು ಪಟ್ಟವನ್ನೂ ಪ್ರತಿರೋಧವನ್ನೂ ಕೈಯಿಂದ ಕೈಗೆ ದಾಟಿಸುತ್ತ ಬಂದದ್ದು ಕಾಣುತ್ತದೆ.

2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ಈ ಹೆಸರಿಟ್ಟರು, 2023ರಲ್ಲಿ ಅಂಚೆಚೀಟಿ ಬಂತು. ಗೌರವಕ್ಕೆ ಹೆಸರೊಂದೇ ಸಾಕು, ಚರಿತ್ರೆಗೆ ಸಾಲದು. ಪಠ್ಯಪುಸ್ತಕಗಳಲ್ಲೂ ಉಳ್ಳಾಲದ ಅಬ್ಬಕ್ಕ ಉತ್ಸವದ ಫಲಕಗಳಲ್ಲೂ ಇನ್ನಾದರೂ 1568ರ ಅಬ್ಬಕ್ಕ, 1623ರ ಅಬ್ಬಕ್ಕ ಎಂದು ಇಸವಿ ಸೇರಿಸಿಯೇ ಬರೆಯಬೇಕು.