ಗುತ್ತಲು ಸೀಮೆಯ ನೆಲವೂ ನಾಲೆಯ ನೀರೂ

ಮಂಡ್ಯ ಪಟ್ಟಣದ ಮಗ್ಗುಲಿನ ಗುತ್ತಲು, ಅದಕ್ಕಾಚೆಯ ಮದ್ದೂರು, ಮಳವಳ್ಳಿ ಸೀಮೆಗಳು ಇಂದು ಕಬ್ಬು ಬತ್ತಗಳ ನಾಡೆಂದು ಪ್ರಸಿದ್ಧವಾಗಿವೆ. ಆದರೆ ಈ ಹಸುರು ಪುರಾತನವಾದುದಲ್ಲ. ನೂರು ವರ್ಷಗಳ ಹಿಂದೆ ಇಲ್ಲಿಯ ಬಹುಭಾಗ ಭೂಮಿಯು ಮಳೆಯನ್ನೇ ನಂಬಿದ ಹೊಲವಾಗಿದ್ದು, ರಾಗಿ, ಹುರುಳಿ, ಅವರೆಗಳೇ ಪ್ರಜೆಗಳಿಗೆ ಆಧಾರವಾಗಿದ್ದುವು. ಕೆರೆಗಳ ಕೆಳಗಣ ಗದ್ದೆಗಳಲ್ಲಿ ಬತ್ತವು ಬೆಳೆಯುತ್ತಿತ್ತು. ಮಳೆ ತಪ್ಪಿದರೆ ಅನ್ನವೂ ತಪ್ಪುತ್ತಿತ್ತೆಂಬುದನ್ನು 1876-78ರ ಮಹಾಕ್ಷಾಮವು ಮೈಸೂರು ದೇಶಕ್ಕೆಲ್ಲ ದಾರುಣವಾಗಿ ತೋರಿಸಿಕೊಟ್ಟಿತು.

ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ, 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಮೊದಲಾಯಿತು. ಮದರಾಸು ಸರ್ಕಾರದೊಡನೆ 1924ರಲ್ಲಿ ಒಡಂಬಡಿಕೆಯಾದ ತರುವಾಯ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ, ಹುಲಿಕೆರೆಯ ದಿಣ್ಣೆಯನ್ನು ಸುರಂಗದಿಂದ ಭೇದಿಸಿ ಇರ್ವಿನ್ ನಾಲೆಯನ್ನು ಹರಿಸಲಾಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು.

ನೀರು ಬಂದಮೇಲೆ ನೆಲದ ಬೆಲೆಯೂ ಬೇಸಾಯದ ಲೆಕ್ಕವೂ ಬದಲಾದುವು. ರಾಗಿಯು ಮನೆಯ ಕಣಜಕ್ಕೆ ಸೇರುವ ಧಾನ್ಯ. ಕಬ್ಬು ರೊಕ್ಕವಾಗಿ ಕೈಗೆ ಬರುವ ಬೆಳೆ. ಕೊಳ್ಳುವ ಕಾರ್ಖಾನೆಯು ಸಮೀಪದಲ್ಲಿಯೇ ಇದ್ದುದರಿಂದ ರೈತನಿಗೆ ಧೈರ್ಯವುಂಟಾಯಿತು. ಸ್ಕಾರ್ಲೆಟ್ ಎಪ್ಸ್ಟೈನ್ ಎಂಬ ವಿದುಷಿಯು 1954ರಿಂದ 1956ರವರೆಗೆ ಮಂಡ್ಯದ ನೆರೆಯ ಎರಡು ಹಳ್ಳಿಗಳಲ್ಲಿ ನೆಲಸಿ ಪರಿಶೀಲಿಸಿ, ನೀರು ಬಂದ ಹಳ್ಳಿಯು ಬೇಸಾಯದಲ್ಲಿಯೇ ಬೇರೂರಿದುದನ್ನೂ, ನೀರು ಏರದ ಹಳ್ಳಿಯವರು ಪೇಟೆಯ ವ್ಯಾಪಾರ ಉದ್ಯೋಗಗಳತ್ತ ಹೊರಳಿದುದನ್ನೂ ಗ್ರಂಥಸ್ಥಗೊಳಿಸಿದರು.

ಆದರೆ ನೀರು ಸಂಪತ್ತಿನೊಡನೆ ಸಂಕಟವನ್ನೂ ತಂದಿತು. ನಿಂತ ನೀರಿನಲ್ಲಿ ಸೊಳ್ಳೆಗಳು ಹೆಚ್ಚಿ ಮಲೇರಿಯಾ ಜ್ವರವು ಹಬ್ಬಿತು. ಹೆಚ್ಚಿನ ನೀರು ಹೊರಹೋಗಲು ಬಸಿಗಾಲುವೆಯಿಲ್ಲದ ತಗ್ಗುಗಳಲ್ಲಿ ಅಂತರ್ಜಲವು ಮೇಲೇರಿ, ನೆಲವು ಜೌಗಾಯಿತು. ಬಿಸಿಲಿಗೆ ನೀರು ಆರಿದಂತೆಲ್ಲ ಅದರೊಳಗಣ ಉಪ್ಪು ಮೇಲ್ಮಣ್ಣಿನಲ್ಲಿ ಉಳಿದು ಚೌಳು ಕಾಣಿಸಿಕೊಂಡಿತು. ಚೌಳಾದ ಗದ್ದೆಯು ರೈತನ ದುಡಿಮೆಗೆ ತಕ್ಕ ಫಲವನ್ನು ಕೊಡದು.

ಈ ಅಪಾಯವನ್ನು ಹಿರಿಯರು ಅರಿಯದೆ ಇರಲಿಲ್ಲ. ವಿಶ್ವೇಶ್ವರಯ್ಯನವರು ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿ ನೆಲವನ್ನು ಮೂರು ಪಾಲು ಮಾಡಿ, ಕಬ್ಬು, ಬತ್ತ, ರಾಗಿ ಮೊದಲಾದ ಅಲ್ಪಜಲದ ಬೆಳೆಗಳನ್ನು ಸರದಿಯ ಮೇಲೆ ಬೆಳೆಯಬೇಕೆಂಬ ಕಟ್ಟಳೆಯಿತ್ತು. ಇದರಿಂದ ನೀರು ಬಹುಜನರಿಗೆ ಸಲ್ಲುವುದು, ನೆಲಕ್ಕೂ ವಿಶ್ರಾಂತಿ ದೊರೆಯುವುದು. ಕಬ್ಬು ಬತ್ತಗಳ ಲಾಭವು ಹಿರಿದೆನಿಸಿದಂತೆ ಈ ಕಟ್ಟಳೆಯು ಸಡಿಲವಾಯಿತು. ನಾಲೆಯ ತಲೆಯಲ್ಲಿರುವವರು ನೀರನ್ನು ಹೇರಳವಾಗಿ ಹಾಯಿಸಿದರೆ, ಕಡೆಯಲ್ಲಿರುವ ಮದ್ದೂರು ಮಳವಳ್ಳಿಗಳ ರೈತರು ಅದನ್ನೇ ಎದುರುನೋಡುತ್ತ ಕುಳಿತಿರಬೇಕಾಗುವುದು. ಒಂದೇ ನೀರು ಅತ್ತ ಅತಿಯಾಗಿ ನೆಲವನ್ನು ಕೆಡಿಸುವುದು, ಇತ್ತ ಸಾಲದೆ ಬೆಳೆಯನ್ನು ಒಣಗಿಸುವುದು.

ಆದುದರಿಂದ ಭೂಮಿಯ ಲಾಭವನ್ನು ಒಂದು ವರ್ಷದ ಪಟ್ಟಿಯಿಂದ ಎಣಿಸತಕ್ಕದ್ದಲ್ಲ. ಬಸಿಗಾಲುವೆಯ ಖರ್ಚು, ಕಡೆಯವನ ಪಾಲು, ಮುಂದಣ ಪೀಳಿಗೆಯ ಮಣ್ಣು, ಇವುಗಳನ್ನೂ ಕೂಡಿ ಕಳೆದು ನೋಡಿದಲ್ಲದೆ ಬೇಸಾಯದ ಲೆಕ್ಕವು ಪೂರ್ಣವಾಗದು. ಕಟ್ಟೆಯನ್ನು ಕಟ್ಟಿದ ತಲೆಮಾರು ತನ್ನ ಕೆಲಸವನ್ನು ಮಾಡಿ ಹೋಯಿತು. ಆ ನೀರನ್ನು ಮಿತವಾಗಿ ಬಳಸಿ ನೆಲವನ್ನು ಕೆಡದಂತೆ ಒಪ್ಪಿಸುವ ಹೊಣೆಯು ಉಳಿದವರದಾಗಿದೆ.