ವಾಂಗನೆಲ್ಲಾ ಹಡಗು ಮತ್ತು ಮನಾಪೌರಿಯ ಸುರಂಗ

ನ್ಯೂಜಿಲೆಂಡಿಗೆ ದುಡಿಯಲು ಬಂದ ನಾವೆಲ್ಲ ಒಂದಲ್ಲ ಒಂದು ರಜೆಯಲ್ಲಿ ದಕ್ಷಿಣ ದ್ವೀಪಕ್ಕೆ ಹೋಗಿಯೇ ಹೋಗುತ್ತೇವೆ. ಮಿಲ್‌ಫರ್ಡ್ ಸೌಂಡಿನ ಫೋಟೋ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಬಂದಿವೆಯೋ ಲೆಕ್ಕ ಇಟ್ಟವರಿಲ್ಲ. ನಾನು ಹೇಳಹೊರಟಿರೋದು ಅದಕ್ಕೂ ದಕ್ಷಿಣದ ಡೌಟ್‌ಫುಲ್ ಸೌಂಡಿನ ಕಥೆ. ಕಾಡು ನೋಡೋಕೆ ಅಂತ ಅಲ್ಲಿಗೆ ಹೋಗುತ್ತಾರೆ ನಿಜ. ಆದರೆ ಹೋಗುವ ದಾರಿ ಮಾಡಿದ್ದು ಪ್ರವಾಸಿಗರಿಗಾಗಿ ಅಲ್ಲ, ಕರೆಂಟಿಗಾಗಿ.

1770ರಲ್ಲಿ ಕ್ಯಾಪ್ಟನ್ ಕುಕ್ ಇದರ ಬಾಯಿಯವರೆಗೆ ಬಂದ. ಒಳಗೆ ಹೋದರೆ ಹೊರಗೆ ತರೋ ಗಾಳಿ ಸಿಗುತ್ತೋ ಇಲ್ಲವೋ ಅಂತ ಅನುಮಾನಪಟ್ಟು, 'ಅನುಮಾನದ ಬಂದರು' ಅಂತ ಹೆಸರಿಟ್ಟು ಮುಂದಕ್ಕೆ ಹೋದ. ಇವತ್ತಿಗೂ ಹೊರಗಿನ ರಸ್ತೆ ಅಲ್ಲಿಗೆ ಮುಟ್ಟಿಲ್ಲ. ಮನಾಪೌರಿ ಊರಿನಲ್ಲಿ ದೋಣಿ ಹತ್ತಿ ಸರೋವರ ದಾಟಬೇಕು. ಆಚೆ ದಡದ ವೆಸ್ಟ್ ಆರ್ಮ್‌ನಲ್ಲಿ ಬಸ್ಸು ಕಾಯುತ್ತಿರುತ್ತದೆ. ಅದು ವಿಲ್ಮಾಟ್ ಘಾಟಿ ಹತ್ತಿಳಿದು ಡೀಪ್ ಕೋವ್ ಎಂಬಲ್ಲಿ ಸಮುದ್ರಕ್ಕೆ ಬಿಡುತ್ತದೆ. ಸುಮಾರು 21 ಕಿ.ಮೀ. ಉದ್ದದ ಈ ರಸ್ತೆ ದೇಶದ ಬೇರೆ ಯಾವ ರಸ್ತೆಗೂ ಸೇರುವುದಿಲ್ಲ. ಟ್ರಾನ್ಸ್‌ಫಾರ್ಮರಿನಂಥ ಭಾರೀ ಸಾಮಾನು ಸಮುದ್ರದಿಂದ ಮೇಲಕ್ಕೆ ಸಾಗಿಸಬೇಕಿತ್ತು, ಅದಕ್ಕೇ 1960ರ ದಶಕದಲ್ಲಿ ಬಂಡೆ ಒಡೆದು ಕಟ್ಟಿದರು.

ಲೆಕ್ಕ ನೋಡಿ, ಎಲೆಕ್ಟ್ರಿಷಿಯನ್ನಿಗೆ ಬಾಯಲ್ಲಿ ನೀರೂರುತ್ತದೆ. ಮನಾಪೌರಿ ಸರೋವರ ಸಮುದ್ರಮಟ್ಟಕ್ಕಿಂತ 178 ಮೀಟರ್ ಮೇಲಿದೆ. ಬೆಟ್ಟದ ಆಚೆ ಹತ್ತೇ ಕಿ.ಮೀ.ಗೆ ಸಮುದ್ರ. ಬೆಟ್ಟಕ್ಕೆ ತೂತು ಕೊರೆದರೆ ಸಾಕು, ಹೆಡ್ಡು ತಾನಾಗಿ ಸಿಗುತ್ತದೆ! ಪೀಟರ್ ಹೇ ಎಂಬ ಸರ್ಕಾರಿ ಎಂಜಿನಿಯರ್ 1904ರಲ್ಲೇ ಈ ಸರೋವರಗಳ ವಿದ್ಯುತ್ ಶಕ್ತಿಯ ಬಗ್ಗೆ ಬರೆದಿದ್ದ. ಆದರೆ ಅಷ್ಟು ಕರೆಂಟು ಆಗ ಯಾರಿಗೆ ಬೇಕಿತ್ತು? 1955ರಲ್ಲಿ ಆಸ್ಟ್ರೇಲಿಯಾದ ವೀಪಾದಲ್ಲಿ ಬಾಕ್ಸೈಟ್ ಸಿಕ್ಕ ಮೇಲೆ ಗಿರಾಕಿ ಹುಟ್ಟಿತು. ಅಲ್ಯೂಮಿನಿಯಂ ಕಾರ್ಖಾನೆ ಕರೆಂಟನ್ನು ಊಟದ ಹಾಗೆ ತಿನ್ನುತ್ತದೆ. 1960ರಲ್ಲಿ ಒಪ್ಪಂದ ಆಯಿತು. ಕಂಪನಿಗೆ ಖರ್ಚು ನಿಭಾಯಿಸಲಾಗದೆ, ಕೊನೆಗೆ ಸರ್ಕಾರವೇ ಕಟ್ಟಲು ಹೊರಟಿತು.

ನನಗೆ ಮನಸ್ಸಿನಲ್ಲಿ ನಿಂತಿದ್ದು ಹಡಗು. ಡೀಪ್ ಕೋವ್‌ನಲ್ಲಿ ಸುರಂಗ ಕೊರೆಯುವವರಿಗೆ ಇರಲು ಮನೆಯಿಲ್ಲ, ಸಪಾಟು ಜಾಗವೂ ಇಲ್ಲ. ಅದಕ್ಕೆ ವಾಂಗನೆಲ್ಲಾ ಎಂಬ ಹಳೇ ಪ್ರಯಾಣಿಕರ ಹಡಗನ್ನು 1963ರಲ್ಲಿ ತಂದು ಅಲ್ಲಿ ಕಟ್ಟಿಹಾಕಿದರು. ಒಂದು ಕಾಲಕ್ಕೆ ಸಿಡ್ನಿ–ನ್ಯೂಜಿಲೆಂಡ್ ನಡುವೆ ಸಾಹೇಬರನ್ನು ಹೊತ್ತು ಓಡಾಡಿದ ಹಡಗು ಅದು. ಈಗ ಅದು ಲೇಬರ್ ಕ್ಯಾಂಪು. ಗಲ್ಫಿನಲ್ಲಿ ಕ್ಯಾಂಪಿನ ಬಂಕು ಮಂಚದಲ್ಲಿ ಮಲಗಿ ಇಲ್ಲಿಗೆ ಬಂದ ನಮ್ಮ ಕೆಲವು ಗೆಳೆಯರಿಗೆ ಹೆಚ್ಚು ವಿವರಿಸಬೇಕಿಲ್ಲ. ಹೊರಗೆ ನೋಡಿದರೆ ಜಗತ್ತೇ ಮೆಚ್ಚುವ ದೃಶ್ಯ, ಒಳಗೆ ಒದ್ದೆ ಬಟ್ಟೆ. ವರ್ಷಕ್ಕೆ ಇನ್ನೂರರಷ್ಟು ದಿನ ಮಳೆ ಬೀಳುವ ಊರು. ಜೊತೆಗೆ ಸ್ಯಾಂಡ್‌ಫ್ಲೈ! ನಮ್ಮ ಮಲೆನಾಡಿನ ಉಂಬಳವೇ ವಾಸಿ ಮಾರಾಯ್ರೆ, ಅದಾದರೂ ಮುಖಕ್ಕೆ ಹಾರುವುದಿಲ್ಲ.

1968ರಲ್ಲಿ ಸುರಂಗದ ಎರಡೂ ಕಡೆ ಕೂಡಿತು. ಸರೋವರಕ್ಕಿಂತ 200 ಮೀಟರ್ ಕೆಳಗೆ ಗ್ರಾನೈಟ್ ಕೊರೆದು ಏಳು ಟರ್ಬೈನ್ ಕೂರಿಸಿದರು. 1969ರಲ್ಲಿ ಮೊದಲ ಕರೆಂಟು ಬಂತು. ನಮ್ಮಲ್ಲಿ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರ ನೋಡಿದವರಿಗೆ ಅಂದಾಜು ಸಿಗುತ್ತದೆ. ಈ ಯೋಜನೆಯಲ್ಲಿ 16 ಕೆಲಸಗಾರರು ಸತ್ತರು. ಇವತ್ತು ನಾವು ಸೈಟಿನೊಳಗೆ ಕಾಲಿಡೋಕೆ ಮುಂಚೆ ಇಂಡಕ್ಷನ್, ಬೀಗ, ಟ್ಯಾಗ್ ಅಂತ ಗೊಣಗುತ್ತೇವೆ. ಗೊಣಗುವಾಗ ಈ ಸಂಖ್ಯೆ ನನಗೆ ನೆನಪಾಗುತ್ತದೆ.

ಇಷ್ಟೆಲ್ಲಾ ಆಗಿ ಲೆಕ್ಕ ಎಲ್ಲಿ ತಪ್ಪಿತು ಗೊತ್ತಾ? 700 ಮೆಗಾವ್ಯಾಟ್ ಬರಬೇಕಿತ್ತು, 585 ದಾಟಲಿಲ್ಲ. ನೀರು ಹೊರಹೋಗುವ ಸುರಂಗದಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಘರ್ಷಣೆ. ಸಣ್ಣ ಕೇಬಲ್ಲಿಗೆ ದೊಡ್ಡ ಲೋಡು ಹಾಕಿದರೆ ವೋಲ್ಟೇಜ್ ಬೀಳುತ್ತದಲ್ಲ, ಹಾಗೆ. 2002ಕ್ಕೆ ಪಕ್ಕದಲ್ಲೇ ಎರಡನೇ ಸುರಂಗ ಮುಗಿದ ಮೇಲೆ ಸರಿಹೋಯಿತು. ಪ್ಯಾರಲಲ್‌ನಲ್ಲಿ ಇನ್ನೊಂದು ಕೇಬಲ್ ಎಳೆದ ಹಾಗೆ ಅನ್ನಿ.

ಇದರ ನಡುವೆಯೇ ದೊಡ್ಡ ಜಗಳ. ಮೂಲ ಯೋಜನೆಯಲ್ಲಿ ಸರೋವರದ ಮಟ್ಟವನ್ನು 30 ಮೀಟರ್‌ವರೆಗೆ ಏರಿಸುವ ಮಾತಿತ್ತು. ದಂಡೆಯ ಕಾಡು, ದ್ವೀಪಗಳು ಮುಳುಗುತ್ತಿದ್ದವು. 1969ರಲ್ಲಿ ಇನ್ವರ್‌ಕಾರ್ಗಿಲ್‌ನಲ್ಲಿ ಜನ ಸೇರಿ 'ಮನಾಪೌರಿ ಉಳಿಸಿ' ಎಂದು ಹೊರಟರು. ಮುಂದಾಳು ರಾನ್ ಮೆಕ್‌ಲೀನ್ ಒಬ್ಬ ರೈತ. 1970ರ ಮನವಿಗೆ 2,64,907 ಸಹಿ ಬಿತ್ತು, ಅಂದರೆ ಆಗಿನ ಜನಸಂಖ್ಯೆಯ ಹತ್ತಿರಹತ್ತಿರ ಹತ್ತರಲ್ಲೊಂದು ಪಾಲು. 1972ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು. ಹೊಸ ಪ್ರಧಾನಿ ನಾರ್ಮನ್ ಕರ್ಕ್ ಮಟ್ಟ ಏರಿಸುವುದಿಲ್ಲ ಅಂದರು, ಮರುವರ್ಷ ಸರೋವರಗಳಿಗೆ ಕಾವಲುಗಾರರ ಸಮಿತಿಯನ್ನೂ ನೇಮಿಸಿದರು.

ಓದುತ್ತಾ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ. ನಾನು ಸಾಗರ ತಾಲ್ಲೂಕಿನವನು, ಕಲಿತಿದ್ದು ಸರ್ಕಾರಿ ಐ.ಟಿ.ಐ.ಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ, ಇದೇ ಕಾಲ. ನಮ್ಮಜ್ಜ 'ಮುಳುಗಡೆಯೋರು', ಗದ್ದೆ ಮನೆ ಬಿಟ್ಟು ಎದ್ದು ಬಂದವರು. ಇಲ್ಲಿ ಮನೆಗಳಿಲ್ಲದ ದಂಡೆಯ ಮರಕ್ಕಾಗಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು, ಅಲ್ಲಿ ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಹಾಗಂತ ಆ ಕರೆಂಟು ಬೇಡವಿತ್ತು ಅನ್ನಲು ನನಗೆ ಬಾಯಿಲ್ಲ. ಅದೇ ನನ್ನ ಅನ್ನ.

ಈಗಲೂ ಮನಾಪೌರಿಯ ಕರೆಂಟಿನ ಬಹುಪಾಲು ಹೋಗುವುದು 1971ರಲ್ಲಿ ಶುರುವಾದ ಟಿವೈ ಪಾಯಿಂಟ್ ಅಲ್ಯೂಮಿನಿಯಂ ಕಾರ್ಖಾನೆಗೆ. ಟರ್ಬೈನ್ ದಾಟಿದ ಸಿಹಿನೀರು ಡೀಪ್ ಕೋವ್‌ನಲ್ಲಿ ಉಪ್ಪುನೀರಿನ ಮೇಲೆ ಪದರವಾಗಿ ಹರಡುತ್ತದೆ. ಅಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ಒಂದು ಸಣ್ಣ ಗುಂಪಿದೆ, ದಕ್ಷಿಣದ ಕಟ್ಟಕಡೆಯ ಗುಂಪುಗಳಲ್ಲಿ ಒಂದು. ಎರಡನೇ ಸುರಂಗ ತೆರೆದ ನಂತರದ ವರ್ಷಗಳಲ್ಲಿ ಅವುಗಳ ಮರಿಗಳು ಬದುಕುಳಿಯುವುದು ಬಹಳ ಕಡಿಮೆಯಾಯಿತೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಕಾರಣ ತಣ್ಣನೆ ಸಿಹಿನೀರೋ, ನಮ್ಮಂಥವರನ್ನು ಹೊತ್ತು ಸುತ್ತುವ ದೋಣಿಗಳೋ, ಎರಡೂವೋ ಎಂಬ ಚರ್ಚೆ ಇದೆ.

ನೀವು ಹೋದಾಗ ದೋಣಿಯ ಮುಂಭಾಗದಲ್ಲಿ ಡಾಲ್ಫಿನ್‌ಗೆ ಕಾಯಿರಿ, ಸಮುದ್ರದ ಬಾಯಿಯ ನೀ ಐಲೆಟ್ಸ್ ಬಂಡೆಗಳ ಮೇಲೆ ಸೀಲುಗಳನ್ನೂ ನೋಡಿರಿ. ಘಾಟಿ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಕೆಳಗೆ ಡೀಪ್ ಕೋವ್ ಕಾಣುತ್ತದೆ. ವಾಂಗನೆಲ್ಲಾ ನಿಂತಿದ್ದು ಅಲ್ಲೇ. ಸುರಂಗದ ಕೆಲಸ ಮುಗಿದ ಮೇಲೆ, 1970ರಲ್ಲಿ ಅದನ್ನು ಎಳೆದುಕೊಂಡು ಹೋಗಿ ಗುಜರಿಗೆ ಹಾಕಿದರು.