ಹಿತ್ತಲಿನ ಸೀಮೆಬದನೆ

ಬೆಂಗಳೂರಿನಲ್ಲಿ ಋತು ಬದಲಾದದ್ದು ಮರವನ್ನು ನೋಡಿ ತಿಳಿಯುವಂಥದಲ್ಲ. ಪಶ್ಚಿಮ ದೇಶಗಳಲ್ಲಿ ಶರತ್ತು ಬಂದಿತೆಂದರೆ ಎಲೆ ಕೆಂಪೇರಿ ಉದುರುತ್ತದೆ. ಇಲ್ಲಿ ಕಾರ್ತಿಕ ಕಳೆದು ಮಾರ್ಗಶಿರ ಹೊಕ್ಕರೂ ಬಹುಪಾಲು ಮರಗಳು ಹಸುರಾಗಿಯೇ ನಿಂತಿರುತ್ತವೆ. ಹೇಮಂತದ ಸುಳಿವು ಬೇಕಾದವರು ಮನೆಯ ಹಿತ್ತಲಿಗೆ ಹೋಗಬೇಕು. ಹಗಲು ಕುಗ್ಗಿ ಇರುಳು ಬೆಳೆದಾಗಲೇ ಹೂಬಿಡುವ ಗಿಡಗಳು ಕೆಲವುಂಟು. ಸೇವಂತಿಗೆ ಆ ಗುಂಪಿನದು. ನಾಟಿ ಅವರೆಯೂ ಅದೇ ಗುಂಪಿನದು. ಜಯನಗರದ ನಮ್ಮ ಮನೆಯ ಹಿಂದೆ ಹತ್ತಡಿ ಅಗಲದ ನೆಲವಿದೆ. ಅಲ್ಲಿ ಅವರೆಯ ಬಳ್ಳಿ ಹೂಬಿಟ್ಟಿತೆಂದರೆ ನಮ್ಮ ತಂದೆಯವರ ತಿಥಿ ಹತ್ತಿರ ಬಂದಿತೆಂದೇ ಅರ್ಥ.

ಆ ನೆಲವನ್ನು ಹಸನು ಮಾಡಿದವರು ತಂದೆಯವರೇ. ಅಡುಗೆಮನೆಯ ಮೂಲೆಯಲ್ಲಿ ಮರೆತುಹೋಗಿ ಮೊಳಕೆಯೊಡೆದಿದ್ದ ಒಂದು ಸೀಮೆಬದನೆಕಾಯಿಯನ್ನು ಅವರು ಇಡಿಯಾಗಿ, ಕೊಂಚ ಓರೆಯಾಗಿ ಮಣ್ಣಿಗಿಟ್ಟರು. ಆ ಕಾಯಿಯ ಸ್ವಭಾವವೇ ಹಾಗೆ. ಒಳಗಿರುವುದು ಒಂದೇ ಬೀಜ, ಅದು ಕಾಯಿಯಲ್ಲಿದ್ದಂತೆಯೇ ಮೊಳೆಯುತ್ತದೆ. ಬಳ್ಳಿ ಚಪ್ಪರ ತುಂಬಿತು. ಅದರ ಪಲ್ಯವೆಂದರೆ ಅವರಿಗೆ ಒಂದು ತುತ್ತು ಹೆಚ್ಚು.

ಈ ಸಲ ಕಾರ್ತಿಕ ಬಹುಳದ ತಿಥಿಯ ಹಿಂದಿನ ದಿನ ನನ್ನ ಮಗಳು ಆ ಬಳ್ಳಿಯಿಂದ ನಾಲ್ಕು ಕಾಯಿ ಕಿತ್ತು ತಂದು ಅಜ್ಜಿಯ ಮುಂದಿಟ್ಟಳು.

“ಅದು ನಾಳೆಗೆ ಬರೋಲ್ಲ ಕಣೆ. ಸೀಮೇದು. ಪಿತೃಗಳಿಗೆ ಆಗದು” ಎಂದರು ಅಮ್ಮ.

“ತಾತ ನೆಟ್ಟಿದ್ದು, ತಾತನಿಗೆ ಇಷ್ಟವಾದದ್ದು, ತಾತನಿಗೇ ಇಲ್ಲವೇ?”

ಅಮ್ಮ ಉತ್ತರ ಕೊಡಲಿಲ್ಲ. ಮಗಳು ನನ್ನ ಮುಖ ನೋಡಿದಳು. ತರಗತಿಯಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ನಾನು ಎದುರಿಸಿದ್ದು ಕಡಿಮೆ.

ಶ್ರಾದ್ಧದ ಅಡುಗೆಯ ಪಟ್ಟಿ ಮನೆಮನೆಗೂ ಬೇರೆ. ನಮ್ಮ ಮನೆಯಲ್ಲಿ ಬಾಳೆಕಾಯಿ, ಹಾಗಲ, ಕೆಸುವಿನ ಗಡ್ಡೆ ಬರುತ್ತವೆ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಸೀಮೆಬದನೆ ಬಾರವು. ಖಾರಕ್ಕೆ ಕರಿಮೆಣಸೇ. ಬಾರದವುಗಳ ಹುಟ್ಟೂರನ್ನು ವಿಚಾರಿಸಿ ನೋಡಿ: ಎಲ್ಲವೂ ಅಮೆರಿಕ ಖಂಡದವು. ಕೊಲಂಬಸ್ 1492ರಲ್ಲಿ ಆ ಕಡೆಗೆ ಹೋಗುವ ಮೊದಲು ನಮ್ಮ ನಾಡಿನಲ್ಲಿ ಯಾರೂ ಅವನ್ನು ಕಂಡಿರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಮೆಣಸಿನಕಾಯಿ ನಮ್ಮ ಕಡೆ ಹಬ್ಬಿತು. ಹಳೆಯ ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟೆವು. ಹಳೆಯದು ‘ಕರಿ’ ಎಂಬ ವಿಶೇಷಣ ಹೊತ್ತುಕೊಂಡಿತು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಬರೆದಾಗ ಬದನೆ, ಬಾಳೆ, ಹಲಸುಗಳ ಅಡುಗೆಯನ್ನು ಬಾಯಲ್ಲಿ ನೀರೂರುವಂತೆ ವರ್ಣಿಸಿದ, ಮೆಣಸಿನಕಾಯಿಯನ್ನು ಅವನು ಅರಿಯ. ವರ್ಷಕ್ಕೊಂದು ದಿನ ನಮ್ಮ ಅಡುಗೆಮನೆ ಹೆಚ್ಚುಕಡಿಮೆ ಆ ಮಂಗರಸನ ಕಾಲಕ್ಕೆ ಮರಳುತ್ತದೆ. ಹೆಚ್ಚುಕಡಿಮೆ ಎಂದೆ, ಏಕೆಂದರೆ ಈ ಕಾವಲಿನಲ್ಲೂ ಸಂದುಗಳುಂಟು: ಅಮೆರಿಕದ್ದೇ ಆದ ಸಿಹಿಗೆಣಸು ಕೆಲವು ಮನೆಗಳ ಶ್ರಾದ್ಧದ ಎಲೆಗೆ ಸದ್ದಿಲ್ಲದೆ ಬಂದು ಕುಳಿತಿದೆ.

ಹಿತ್ತಲಿನ ಅವರೆಯದು ಇನ್ನೂ ಹಳೆಯ ಚರಿತ್ರೆ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಹುರುಳಿ, ಹೆಸರುಗಳೊಂದಿಗೆ ಅವರೆಯ ಕರಿದ ಕಾಳೂ ದೊರೆತಿದೆ. ಅದರ ಪಕ್ಕದ ಚಪ್ಪರದಲ್ಲಿರುವ ಸೀಮೆಬದನೆ ಮೆಕ್ಸಿಕೋ ಕಡೆಯದು. ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಕಾಲದಲ್ಲಿ ಅದು ಅಲ್ಲಿಂದ ಊರ ತೋಟಗಳಿಗೆ ಹಬ್ಬಿತು. ಮೂರು ಸಾವಿರ ವರ್ಷಕ್ಕೂ ಮಿಕ್ಕ ಅಂತರದವು ಎರಡೂ ಒಂದೇ ಬಕೀಟಿನ ನೀರು ಕುಡಿಯುತ್ತಿವೆ.

ಹೆಸರಿನ ವಿಚಾರವೂ ಸ್ವಾರಸ್ಯವಾದುದು. ‘ಸೀಮೆ’ ಎಂದರೆ ಎಲ್ಲೆ, ನಮ್ಮ ಪ್ರಾಂತ. ‘ಅವರು ನಮ್ಮ ಸೀಮೆಯವರು’ ಎಂದರೆ ಬಲು ಹತ್ತಿರದವರು. ಆದರೆ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆಗಳಲ್ಲಿ ಅದೇ ಮಾತು ಎಲ್ಲೆಯಾಚೆಯ ಪರದೇಶವಾಗಿದೆ. ಇತ್ತ ನಾವು ಅದನ್ನು ಸೀಮೆಯದೆಂದು ದೂರವಿಟ್ಟರೆ, ಅತ್ತ ತಮಿಳರು ಅದನ್ನು ‘ಬೆಂಗಳೂರು ಕತ್ತರಿಕ್ಕಾಯ್’ ಎಂದು ಕರೆದು ನಮ್ಮ ಊರಿನ ಲೆಕ್ಕಕ್ಕೇ ಬರೆದಿದ್ದಾರೆ!

ದೇವರುಗಳಾದರೋ ಇಷ್ಟು ಕಟ್ಟುನಿಟ್ಟಲ್ಲ. ಮೆಕ್ಸಿಕೋದ ಚೆಂಡುಹೂವಿಲ್ಲದೆ ನಮ್ಮ ಆಯುಧಪೂಜೆ ಸಾಗದು. ಜಯನಗರಕ್ಕೆ ಕೂಗಳತೆಯ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುತ್ತಿನ ರೈತರ ಕಡಲೆಕಾಯಿ ಬೆಳೆಯನ್ನು ಮೇಯುತ್ತಿದ್ದ ಬಸವನೇ ಕಲ್ಲಾದನೆಂದು ಐತಿಹ್ಯ. ಗುಡಿ ಕೆಂಪೇಗೌಡನ ಕಾಲದ್ದೆಂದು ಪ್ರತೀತಿ. ಅವನು ಬೆಂಗಳೂರಿನ ಕೋಟೆ ಕಟ್ಟಿಸಿದ್ದು 1537ರಲ್ಲಿ. ಕಡಲೆಕಾಯಿ ಮಾತ್ರ ದಕ್ಷಿಣ ಅಮೆರಿಕದ್ದು. ಹೊಸಬನಾದ ಆ ಕಾಯಿಯನ್ನು ಬಸವಣ್ಣ ತನ್ನ ಕಥೆಯೊಳಕ್ಕೇ ಕರೆದುಕೊಂಡ.

ಹಾಗಾದರೆ ಪಿತೃಗಳೇಕೆ ಒಲ್ಲರು? ಮಗಳಿಗೆ ನನಗೆ ತೋರಿದ ಉತ್ತರ ಹೇಳಿದೆ. ದೇವರಿಗೆ ನಾವು ಬೆಳೆದದ್ದನ್ನು ಕೊಡುತ್ತೇವೆ. ಹಿರಿಯರಿಗೆ ಅವರು ಉಂಡದ್ದನ್ನು ಬಡಿಸುತ್ತೇವೆ. ಶ್ರಾದ್ಧದಲ್ಲಿ ಕರೆಯುವುದು ತಂದೆಯೊಬ್ಬರನ್ನೇ ಅಲ್ಲ. ಅವರ ತಂದೆಯನ್ನೂ, ಆ ತಂದೆಯ ತಂದೆಯನ್ನೂ. ಹಳ್ಳಿಯಲ್ಲಿ ಬಾಳಿ ಹೋದ ಆ ಹಿರಿಯರು ಲಾಲ್‌ಬಾಗಿನ ಕಾಯಿಯನ್ನು ಬಲ್ಲರೇ? ಮಗಳು ಒಪ್ಪಲಿಲ್ಲ. “ಹಾಗಾದರೆ ತಾತನಿಗೆ ಯಾವಾಗ?” ಎಂದಳು.

ಮರುದಿನ ಬಾಳೆಕಾಯಿ ಪಲ್ಯದೊಡನೆ ಶ್ರಾದ್ಧ ಮುಗಿಯಿತು. ಅದರ ಮರುದಿನ ಬೆಳಗ್ಗೆ ನಾನು ಏಳುವ ಹೊತ್ತಿಗೆ ಒಗ್ಗರಣೆಯ ವಾಸನೆ ಬರುತ್ತಿತ್ತು. ಅಮ್ಮ ಆ ನಾಲ್ಕು ಕಾಯಿಗಳನ್ನು ಹೆಚ್ಚಿ, ಹಸಿಮೆಣಸಿನಕಾಯಿ ಧಾರಾಳವಾಗಿ ಹಾಕಿ ಪಲ್ಯ ಮಾಡಿದ್ದರು. ಮೊದಲ ಸೌಟನ್ನು ಬಾಳೆಲೆಯ ಚೂರಿನ ಮೇಲೆ ಹಾಕಿ, ಹಿತ್ತಲಿನ ಚಪ್ಪರದ ಕೆಳಗಿಟ್ಟು ಬಂದರು.

“ಮೊನ್ನೆ ನೀನೇ ಹೇಳಿದೆಯಲ್ಲ,” ಎಂದರು, “ನಿನ್ನೆ ಬಂದವರು ಮೂವರು. ಇವತ್ತು ಅವರೊಬ್ಬರೇ.”